ಶೀಟಿನ ಇನ್ನೊಂದು ತುದಿ

ಫೆಬ್ರವರಿ 4, ಮಂಗಳವಾರ

ಸಿಟ್ಟು ಬಂದಾಗ ಪಾತ್ರೆ ಎಸೆಯುವ ಹೆಂಗಸರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನಗೆ ಆ ಸುಖವೂ ಇಲ್ಲ. ಒಂದು ಲೋಟ ಎಸೆಯಬೇಕೆಂದರೂ ತೋಳು ಮೇಲೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮೊಣಕೈಯನ್ನು ಮೇಜಿನ ಮೇಲೆ ಊರಿಕೊಂಡರೆ ಬೆರಳುಗಳು ಇನ್ನೂ ಸ್ವಲ್ಪ ಹೊತ್ತು ಹೇಳಿದ ಮಾತು ಕೇಳುತ್ತವೆ.

ಇವತ್ತು ಕಚೇರಿಯಿಂದ ಕಾಗದ ಬಂತು. ಅಂಗವೈಕಲ್ಯ ಮಾಸಾಶನಕ್ಕೆ ನಾನು ಹಾಕಿದ್ದ ಅರ್ಜಿ ತಿರಸ್ಕಾರವಾಗಿದೆ. ಇವರು ಆಗತಾನೆ ಶಾಲೆಯ ವ್ಯಾನು ನಿಲ್ಲಿಸಿ ಒಳಗೆ ಬಂದಿದ್ದರು. ನಿಂತಲ್ಲೇ ಓದಿದರು. ಪೂರ್ತಿ ಕಾಗದ ಒಂದೇ ವಾಕ್ಯದ ಮೇಲೆ ನಿಂತಿತ್ತು: ತಪಾಸಣೆಯ ವೇಳೆ ಅರ್ಜಿದಾರರು ಎರಡೂ ತೋಳುಗಳನ್ನು ಭುಜದಿಂದ ಮೇಲಕ್ಕೆ ತೊಂದರೆಯಿಲ್ಲದೆ ಎತ್ತಿರುವುದು ಕಂಡುಬಂದಿದೆ.

ಇವರು ನನ್ನ ಮುಖ ನೋಡಿದರು. "ಎತ್ತಿದ್ಯಾ?"

"ಎತ್ತಿದೆ."

"ಯಾಕೆ ಎತ್ತೋಕೆ ಹೋದೆ?"

"ಶೀಟು ನೆಲಕ್ಕೆ ಬೀಳ್ತಿತ್ತು ರೀ."

ಬೇರೆ ಗಂಡನಾಗಿದ್ದರೆ ಕೂಗಾಡುತ್ತಿದ್ದ. ಇವರು "ಓ" ಎಂದು ಕಾಗದ ಮಡಿಚಿಟ್ಟರು. ಲಾಂಡ್ರಿಯವಳನ್ನು ಕಟ್ಟಿಕೊಂಡು ಇಷ್ಟು ವರ್ಷವಾದ ಮೇಲೆ ಅವರಿಗೆ ಅರ್ಥವಾಗದೆ ಏನು. ಅರ್ಥವಾಯಿತು ಎನ್ನುವುದಕ್ಕೇ ನನಗೆ ಇನ್ನಷ್ಟು ಮೈ ಉರಿಯಿತು.

ಹದಿನೇಳು ವರ್ಷ ನಾನು ದೊಡ್ಡ ಲಾಂಡ್ರಿಯಲ್ಲಿ ಮಡಿಚುವ ಮೇಜಿನ ಬಳಿ ನಿಂತವಳು. ಹೋಟೆಲುಗಳ ಶೀಟು, ಆಸ್ಪತ್ರೆಗಳ ಶೀಟು, ಒಗೆದು ಒಣಗಿ ನಮ್ಮ ಕೈಗೆ ಬರುತ್ತಿದ್ದವು. ಒಂದು ಶೀಟಿಗೆ ಇಬ್ಬರು, ಒಬ್ಬೊಬ್ಬರಿಗೆ ಎರಡೆರಡು ಮೂಲೆ. ಅಲ್ಲಿ ಇದ್ದದ್ದು ಒಂದೇ ಶಾಸನ: ಒಗೆದ ಬಟ್ಟೆ ನೆಲ ಮುಟ್ಟಬಾರದು. ಮುಟ್ಟಿದರೆ ಅದು ಮತ್ತೆ ಕೊಳೆ ಬುಟ್ಟಿಗೆ ಹೋಗುತ್ತದೆ, ಮುಟ್ಟಿಸಿದವಳು ಆ ದಿನವೆಲ್ಲ ಎಲ್ಲರ ಬಾಯಿಗೆ ಬೀಳುತ್ತಾಳೆ.

ತಪಾಸಣೆಯ ದಿನ ಆ ಎಳೆಯ ಡಾಕ್ಟರು ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು "ಮೂಳೆ ಚೆನ್ನಾಗೇ ಇದೆಯಲ್ಲಮ್ಮ" ಎಂದರು, ನನಗೆ ಬಹುಮಾನ ಬಂದ ಸುದ್ದಿ ಹೇಳುವ ಧಾಟಿಯಲ್ಲಿ. ಪಕ್ಕದಲ್ಲಿ ನರ್ಸು ತಪಾಸಣೆಯ ಮಂಚಕ್ಕೆ ಶೀಟು ಬಿಡಿಸಿ, ಅದು ದೊಡ್ಡದಾಯಿತೆಂದು ಒಬ್ಬಳೇ ಮತ್ತೆ ಮಡಿಚಲು ಒದ್ದಾಡುತ್ತಿದ್ದಳು. ಮೂಲೆಯಲ್ಲಿ ನೀಲಿ ದಾರದ ಹೊಲಿಗೆ ಕಂಡಿತು. ನಮ್ಮ ಲಾಂಡ್ರಿಯ ಗುರುತು. ಆ ಮೂಲೆ ಜಾರಿ ಇನ್ನೇನು ನೆಲ ಮುಟ್ಟಬೇಕು, ನಾನು ಎದ್ದು ಹೋಗಿ ಹಿಡಿದೇಬಿಟ್ಟೆ. ಆಕೆ ಕೊಡವಿದಳು, ಶೀಟು ಗಾಳಿ ತುಂಬಿಕೊಂಡು ಮೇಲೆದ್ದಿತು, ಅದರ ಜೊತೆಗೆ ನನ್ನ ತೋಳುಗಳೂ ಎದ್ದವು. "ಎಷ್ಟು ಚೆನ್ನಾಗಿ ಮಡಿಚ್ತೀರಿ!" ಎಂದಳು. ನಾನು ಹಲ್ಲು ಕಿರಿದೆ. ಡಾಕ್ಟರು ಬರೆದುಕೊಂಡರು.

ಆಮೇಲೆ ಎರಡು ದಿನ ಬಾಚಣಿಗೆ ಎತ್ತಲಾಗದೆ ಬಿದ್ದುಕೊಂಡಿದ್ದೆನಲ್ಲ, ಅದನ್ನು ಯಾರು ಬರೆದುಕೊಂಡರು?

ಫೆಬ್ರವರಿ 6, ಗುರುವಾರ

ನನ್ನ ಕಾಯಿಲೆಗೆ ಹೆಸರಿಲ್ಲ. ಇದೇ ದೊಡ್ಡ ರಗಳೆ. ಕುತ್ತಿಗೆಯಿಂದ ಭುಜಕ್ಕೆ, ಭುಜದಿಂದ ಬೆರಳಿಗೆ ಇಳಿಯುವ ನೋವು. ಕೆಲವು ದಿನ ಬರೀ ಉರಿ. ಕೆಲವು ದಿನ ಕೈಗಳು ನನ್ನವೇ ಅಲ್ಲ. ರಕ್ತದಲ್ಲಿ ಏನೂ ಇಲ್ಲವಂತೆ, ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ. ಕಾಯಿಲೆಗೆ ಹೆಸರಿಲ್ಲದಿದ್ದರೆ ಅರ್ಜಿಯಲ್ಲಿ ಅದಕ್ಕೆ ಜಾಗವೂ ಇಲ್ಲ. ಅತ್ತೆಯ ತಲೆಯನ್ನು ನಾನು ಬಾಚಬೇಕಾದ ಕಾಲದಲ್ಲಿ ಅತ್ತೆ ನನ್ನ ತಲೆ ಬಾಚುತ್ತಾರೆ, ಜೊತೆಗೆ ಸಿಕ್ಕು ಬಿಡಿಸುವಾಗ ಬೈಗುಳವನ್ನೂ ಬಿಡಿಸುತ್ತಾರೆ. ಈ ಮಾಸಾಶನ ಬರದಿದ್ದರೆ ಮನೆ ಬಿಟ್ಟು ಮೈದುನನ ಮನೆಯ ಹಿಂದಿನ ಕೋಣೆಗೆ ಹೋಗಬೇಕು. ಇವರ ವ್ಯಾನಿನ ಸಂಪಾದನೆ ಅಷ್ಟೇ. ಆ ಕೋಣೆ ನಾನು ನೋಡಿದ್ದೇನೆ. ಕಿಟಕಿ ಇಲ್ಲ, ಓರಗಿತ್ತಿ ಇದ್ದಾಳೆ.

ಒಂದು ಮಾತು ಮಾತ್ರ ಎದೆ ತಟ್ಟಿ ಹೇಳುತ್ತೇನೆ. ನೋವಿದ್ದರೂ ನಾನು ಕೆಲಸದಲ್ಲಿ ಒಂದು ದಿನವೂ ಹಿಂದೆ ಬಿದ್ದವಳಲ್ಲ. ಎರಡು ವರ್ಷ ಹಲ್ಲು ಕಚ್ಚಿ ಮಡಿಚಿದೆ, ಒಂದು ಶೀಟೂ ನೆಲ ಮುಟ್ಟಲಿಲ್ಲ. ಹಾಳಾದದ್ದು ಕಳೆದ ಅಕ್ಟೋಬರಿನಲ್ಲಿ. ನನ್ನ ಜೊತೆಗಾತಿಯನ್ನು ಇಸ್ತ್ರಿ ರೋಲರಿನ ಕೆಲಸಕ್ಕೆ ಹಾಕಿ, ನನ್ನ ಎದುರಿಗೆ ಒಬ್ಬ ಹೊಸಬಳನ್ನು ತಂದು ನಿಲ್ಲಿಸಿದರು. ಅವಳಿಗೆ ಮಡಿಚಲು ಬರುತ್ತಿರಲಿಲ್ಲ. ಮೊದಲ ದಿನವೇ ಶೀಟುಗಳು ದಬದಬ ಬೀಳತೊಡಗಿದವು. ವಾರ ತುಂಬುವ ಮೊದಲು ನನ್ನ ತೋಳು ಪೂರ್ತಿ ಕೈಕೊಟ್ಟಿತು. ಮೇಲ್ವಿಚಾರಕರು "ಸ್ವಲ್ಪ ದಿನ ಮನೇಲಿರಿ" ಎಂದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಜೊತೆಗಾತಿ ಎಂದೆನಲ್ಲ, ಅವಳು ಲೈಟುಕಂಬ. ನಾನೇ ಇಟ್ಟ ಹೆಸರು. ಅಷ್ಟು ಉದ್ದ, ಅಷ್ಟೇ ಸಣ್ಣ, ಮಾತೂ ಕಂಬದಷ್ಟೇ. ಹದಿನಾರು ವರ್ಷ ನನ್ನ ಎದುರಿಗೆ ನಿಂತವಳು. ನಾನು ಕೆಲಸ ಬಿಟ್ಟ ಮೇಲೆ ಸತ್ತೆನೋ ಇದ್ದೆನೋ ಎಂದು ಒಮ್ಮೆ ಬಂದು ನೋಡಲಿಲ್ಲ. ಅವಳ ಎತ್ತರಕ್ಕೆ ನಾನು ಕಾಣುವುದಿಲ್ಲವೇನೋ.

ಫೆಬ್ರವರಿ 11, ಮಂಗಳವಾರ

ಮೇಲ್ಮನವಿ ಹಾಕಲು ಕಚೇರಿಗೆ ಹೋಗಿದ್ದೆ. ಕೌಂಟರಿನ ಗುಮಾಸ್ತೆ ಬೆರಳಿಗೆ ರಬ್ಬರ್ ಟೋಪಿ ಹಾಕಿಕೊಂಡು ನನ್ನ ಕಡತ ತಿರುವಿದಳು. ತಿರುವಲು ಅಲ್ಲೇನಿತ್ತು, ನಾಲ್ಕು ಹಾಳೆ.

"ಎರಡು ವರ್ಷದ ಚಿಕಿತ್ಸೆ ದಾಖಲೆ ಎಲ್ಲಮ್ಮ?"

"ಆಗ ದೊಡ್ಡ ಆಸ್ಪತ್ರೆಗೆ ಹೋಗಿರಲಿಲ್ಲ. ಮಾತ್ರೆ ನುಂಗಿಕೊಂಡು ಕೆಲಸಕ್ಕೆ ಹೋಗ್ತಿದ್ದೆ."

"ಅಂದ್ರೆ ಕೆಲಸ ಮಾಡೋಕೆ ಆಗ್ತಿತ್ತು."

"ಮಾಡ್ತಿದ್ದೆ. ಆಗ್ತಿತ್ತು ಅಂತ ನಾನು ಹೇಳಿಲ್ಲ."

"ಎರಡೂ ಒಂದೇ ಅಲ್ವಾ?"

ಒಂದೇ ಅಂತೆ! ಅವಳಿಗೆ ಹೇಗೆ ತಿಳಿಸುವುದು? ಆಸ್ಪತ್ರೆಗೆ ಹೋಗಬೇಕೆಂದರೆ ರಜೆ ಹಾಕಬೇಕು, ರಜೆ ಹಾಕಿದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಮೇಜಿನಿಂದ ತೆಗೆಯುತ್ತಾರೆ. ಕಾಯಿಲೆ ಮುಚ್ಚಿಟ್ಟದ್ದಕ್ಕೆ ಕೆಲಸ ಉಳಿಯಿತು. ಕಾಯಿಲೆ ಮುಚ್ಚಿಟ್ಟದ್ದಕ್ಕೇ ಈಗ ಕಾಯಿಲೆ ಇಲ್ಲ. ದಿನಾ ಬಿದ್ದು ಹೊರಳಾಡಿದ್ದರೆ ಇಷ್ಟು ಹೊತ್ತಿಗೆ ನನಗೆ ದಪ್ಪನೆಯ ಕಡತವಿರುತ್ತಿತ್ತು, ಎಲ್ಲರೂ ಎದ್ದು ನಿಂತು ಕುರ್ಚಿ ಕೊಡುತ್ತಿದ್ದರು.

"ನಿಮ್ಮನ್ನ ನೋಡಿದ ಡಾಕ್ಟರ ಪತ್ರ, ಕೆಲಸದ ಜಾಗದಿಂದ ಒಂದು ಪತ್ರ, ಕಣ್ಣಾರೆ ಕಂಡವರು ಯಾರಾದ್ರೂ ಇದ್ರೆ ಅವರು," ಎಂದಳು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಏನಾದ್ರೂ ತನ್ನಿ. ಬರಿಗೈಲಿ ಬರಬೇಡಿ," ಎಂದಳು.

ಬರಿಗೈ! ನನ್ನ ಕೈಗಳನ್ನೇ ತಂದಿದ್ದೇನಲ್ಲ ತಾಯೀ, ಅವನ್ನು ನೋಡು ಎನ್ನಬೇಕೆನಿಸಿತು. ಎನ್ನಲಿಲ್ಲ. ಹಿಂದೆ ದೊಡ್ಡ ಸಾಲಿತ್ತು.

ಫೆಬ್ರವರಿ 12, ಬುಧವಾರ

ಬಸ್ಸಿನ ಕಂಬಿ ಹಿಡಿದು ಬಂದದ್ದರ ಫಲ. ಬರೆಯಲಾರೆ.

ಫೆಬ್ರವರಿ 20, ಗುರುವಾರ

ಆಗ ನನಗೆ ಮಾತ್ರೆ ಕೊಡುತ್ತಿದ್ದ ಬೀದಿ ಮೂಲೆಯ ಡಾಕ್ಟರು ಅಂಗಡಿ ಮುಚ್ಚಿ ವರ್ಷವಾಗಿದೆ. ಕ್ಲಿನಿಕ್ಕನ್ನು ನಾವು ಅಂಗಡಿ ಎಂದೇ ಕರೆಯುತ್ತಿದ್ದೆವು. ಅವರ ಮನೆ ಹುಡುಕಿಕೊಂಡು ಇವರು ವ್ಯಾನಿನಲ್ಲೇ ಕರೆದುಕೊಂಡು ಹೋದರು. ಮುದುಕರು ಗುರುತು ಹಿಡಿದರು.

"ಲಾಂಡ್ರಿಯವರಲ್ವಾ? ಭುಜ. ಎರಡೂ ಭುಜ. ನಿಮಗೆ ಸೂಜಿ ಚುಚ್ಚಿದ್ದು ನೆನಪಿದೆ. ಅಳಲಿಲ್ಲ, ಬೈದ್ರಿ."

ಇವರು ನಕ್ಕರು. ನನಗೆ ಜೀವ ಬಂದಂತಾಯಿತು. "ಅದನ್ನೇ ಬರೆದು ಕೊಡಿ ಡಾಕ್ಟ್ರೇ."

ಬರೆದುಕೊಟ್ಟರು. ನೋವಿಗೆ ಚಿಕಿತ್ಸೆ ಪಡೆದಿದ್ದು ನನ್ನ ನೆನಪಿನಲ್ಲಿದೆ, ದಾಖಲೆಗಳು ಲಭ್ಯವಿಲ್ಲ, ಎಂದು. ಪಾಪ, ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಾರೆ. ಆದರೆ ದಾಖಲೆ ಲಭ್ಯವಿಲ್ಲ ಎನ್ನುವ ದಾಖಲೆಯನ್ನು ನಾನು ಎಲ್ಲಿಗೆ ಒಯ್ಯಲಿ? ವ್ಯಾನಿನಲ್ಲಿ ಕೂತು ಇವರ ಮೇಲೆ ಹರಿಹಾಯ್ದೆ. ಪಾಪ, ಅವರದೇನೂ ತಪ್ಪಿರಲಿಲ್ಲ, ಕೈಗೆ ಸಿಕ್ಕಿದ್ದು ಅವರೊಬ್ಬರೇ.

ಮಾರ್ಚ್ 3, ಸೋಮವಾರ

ಲಾಂಡ್ರಿಗೆ ಹೋಗಿದ್ದೆ. ಆವಿಯ ವಾಸನೆ ಮೂಗಿಗೆ ಬಿದ್ದ ಕೂಡಲೇ ಅಳು ಒತ್ತಿಕೊಂಡು ಬಂತು, ಅದಕ್ಕೂ ಸಿಟ್ಟು ಬಂತು.

ಮೇಲ್ವಿಚಾರಕರು ಕೂರಿಸಿ ಮಾತಾಡಿಸಿದರು. ಪತ್ರವನ್ನೂ ಕೊಟ್ಟರು. ಅದರಲ್ಲಿ ಬರೆದದ್ದನ್ನು ನೋಡಿ: ಇವರು ಅತ್ಯಂತ ದಕ್ಷ ಕೆಲಸಗಾರ್ತಿ, ಕಳೆದ ಅಕ್ಟೋಬರಿನವರೆಗೂ ಇವರ ಮೇಜಿನ ಕೆಲಸ ಒಂದು ದಿನವೂ ಕಡಿಮೆಯಾಗಿರುವುದಿಲ್ಲ. ಓದಿ ನನಗೆ ಎದೆ ಉಬ್ಬಿತು. ಗೇಟಿಗೆ ಬರುವಷ್ಟರಲ್ಲಿ ತಲೆ ಕೆಟ್ಟಿತು. ಇದನ್ನು ಕಚೇರಿಗೆ ಕೊಟ್ಟರೆ ನನ್ನ ಕುತ್ತಿಗೆಯನ್ನು ನಾನೇ ಕೊಯ್ದುಕೊಂಡಂತೆ. ಹೊಗಳಿಕೆಯಿಂದ ಹಾಳಾದವಳು ನಾನೊಬ್ಬಳೇ ಇರಬೇಕು.

ಬರುವಾಗ ರೋಲರಿನ ಹತ್ತಿರ ಲೈಟುಕಂಬ ಕಂಡಳು. ಅವಳಿಗೂ ನಾನು ಕಂಡೆ. ಕೈ ಎತ್ತಿ ಕರೆಯೋಣವೆಂದರೆ ಕೈ ಏಳುವುದಿಲ್ಲ, ಬಾಯಿ ತೆರೆದು ಕರೆಯುವಷ್ಟರಲ್ಲಿ ಅವಳು ಮುಖ ತಿರುಗಿಸಿಬಿಟ್ಟಳು. ಮುಖ ತಿರುಗಿಸಿದಳು! ಹದಿನಾರು ವರ್ಷ ಒಂದೇ ಡಬ್ಬಿಯಲ್ಲಿ ಉಂಡವಳು! ಇರಲಿ. ನನಗೂ ತಿರುಗಿಸಲು ಒಂದು ಮುಖವಿದೆ.

ಮಾರ್ಚ್ 9, ಭಾನುವಾರ

ಹಾಳೆ ಹರಿಯುವಷ್ಟು ಒತ್ತಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಲೈಟುಕಂಬ ಬಂದಳು. ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡು ನಿಂತಳು. ಅವಳು ಎಲ್ಲರ ಮನೆಯ ಬಾಗಿಲಲ್ಲೂ ಹಾಗೆಯೇ ನಿಲ್ಲಬೇಕು. ಅತ್ತೆ "ಬಾರಮ್ಮ, ಕೂತ್ಕೋ" ಎಂದರು. ನಾನು ಮುಖ ತಿರುಗಿಸಿ ಕೂತೆ.

"ಮೇಲ್ಮನವಿ ಹಾಕಿದೀಯಂತೆ," ಎಂದಳು.

"ಹಾಕಿದೀನಿ. ನಿಂಗ್ಯಾಕೆ? ನೀನು ರೋಲರ್ ನೋಡ್ಕೋ."

"ಕಣ್ಣಾರೆ ಕಂಡವರು ಬೇಕಂತೆ ಅಲ್ವಾ. ನಾನು ಬಂದು ಹೇಳ್ಲಾ?"

"ಏನಂತ ಹೇಳ್ತೀಯ? ನಾನು ಚೆನ್ನಾಗಿ ಮಡಿಚ್ತಿದ್ದೆ ಅಂತಾನಾ? ಆ ಪತ್ರ ಆಗಲೇ ಇದೆ."

ಅವಳು ಹೇಳಿದಳು: "ನೀನು ಮಡಿಚ್ತಿರಲಿಲ್ಲ ಕಣೆ. ಎರಡು ವರ್ಷದಿಂದ ನಿನ್ನ ತುದೀನೂ ನಾನೇ ಮಡಿಚ್ತಿದ್ದೆ."

ನಾನು ನಕ್ಕೆ. ಅವಳು ನಗಲಿಲ್ಲ. ಕೈಯಲ್ಲೇ ತೋರಿಸುತ್ತ ವಿವರಿಸಿದಳು. ತಾನು ಉದ್ದವಿರುವುದರಿಂದ ಜೋರಾಗಿ ಕೊಡವಿದರೆ ಶೀಟಿಗೆ ಗಾಳಿ ತುಂಬಿ ನನ್ನ ತುದಿ ತಾನಾಗಿ ಮೇಲೇಳುತ್ತಿತ್ತಂತೆ. ನಾನು ಬರೀ ಹಿಡಿದುಕೊಂಡಿರುತ್ತಿದ್ದೆನಂತೆ. ಎಳೆದು ಬಿಗಿ ಮಾಡುವುದೂ ಅವಳೇ, ಮೂಲೆ ಸೇರಿಸಲು ಇಬ್ಬರೂ ಅರ್ಧರ್ಧ ನಡೆಯುವ ಬದಲು ಪೂರ್ತಿ ದೂರ ನಡೆದು ಬರುತ್ತಿದ್ದದ್ದೂ ಅವಳೇ. "ನಿಂಗೆ ಗೊತ್ತಾಗಬಾರದು ಅಂತಾನೇ ಹಾಗೆ ಮಾಡ್ತಿದ್ದೆ. ಗೊತ್ತಾಗಿದ್ರೆ ನೀನು ಬಿಡ್ತಿರಲಿಲ್ಲ."

"ಅಷ್ಟು ದೊಡ್ಡ ಉಪಕಾರಿ ರೋಲರಿಗೆ ಯಾಕೆ ಓಡಿಹೋದ್ಯಪ್ಪ?"

"ನಾನೇ ಕೇಳ್ಕೊಂಡು ಹೋದೆ. ನನ್ನ ಭುಜವೂ ಹೋಗ್ತಾ ಇತ್ತು. ಆಗ್ಲಿಲ್ಲ ಕಣೆ. ಹೋದ ಮೇಲೆ ವಾರದಲ್ಲೇ ನೀನು ಬಿದ್ದೆ. ಯಾವ ಮುಖ ಇಟ್ಕೊಂಡು ಬರಲಿ?"

ಹೊರಗೆ ಹೋಗು ಎಂದೆ. ಅತ್ತೆ "ಏನೇ ಇದು" ಎಂದರು. ಮತ್ತೆ ಹೊರಗೆ ಹೋಗು ಎಂದೆ. ಅವಳು ತಲೆ ಬಗ್ಗಿಸಿ ಬಾಗಿಲು ದಾಟಿ ಹೋದಳು.

ಮಾರ್ಚ್ 10, ಸೋಮವಾರ

ಸುಳ್ಳಿ. ಸುಳ್ಳಿ. ಸುಳ್ಳಿ.

ಸರ್ಕಾರ ನನಗೆ ಕಾಯಿಲೆಯೇ ಇಲ್ಲ ಎನ್ನುತ್ತದೆ. ಈ ಕಂಬ ನಾನು ಕೆಲಸವೇ ಮಾಡಿಲ್ಲ ಎನ್ನುತ್ತಾಳೆ. ಇಬ್ಬರ ನಡುವೆ ನನ್ನ ಪಾಲಿಗೆ ಏನು ಉಳಿಯಿತು? ಆ ಎರಡು ವರ್ಷ ನನ್ನದಾಗಿತ್ತು. ಸೋತು ಮನೆಗೆ ಬಂದಿಲ್ಲ, ನಿಂತು ಗೆದ್ದೇ ಬಂದಿದ್ದೇನೆ ಎಂದುಕೊಂಡು ರಾತ್ರಿ ಮಲಗುತ್ತಿದ್ದೆ. ಅದನ್ನೂ ಕಿತ್ತುಕೊಂಡು ಹೋದಳು.

ಮಡಿಚಲು ಬಾರದ ಆ ಹೊಸಬಳ ತಪ್ಪು, ಅಷ್ಟೇ.

ಮಾರ್ಚ್ 15, ಶನಿವಾರ

ಇವರಿಗೆ ಇವತ್ತು ರಜೆ. ಒಣಗಿದ ಹಾಸಿಗೆಯ ಶೀಟು ತಂದು "ಹಿಡ್ಕೊಳ್ಳಿ" ಎಂದೆ.

"ನಂಗೆ ಬರಲ್ವಲ್ಲೇ."

"ಬರೋದು ಬೇಡ. ನೆಟ್ಟಗೆ ಹಿಡ್ಕೊಂಡು ನಿಂತ್ಕೊಳ್ಳಿ ಸಾಕು."

ಸ್ಟೇರಿಂಗ್ ಹಿಡಿದವರ ಹಾಗೆ ಎರಡು ಮೂಲೆ ಹಿಡಿದು ನಿಂತರು. ನಾನು ನನ್ನ ಎರಡು ಮೂಲೆ ಹಿಡಿದೆ. ಎತ್ತಿದೆ. ಎದೆಯವರೆಗೆ ಬಂತು, ಅಲ್ಲಿಂದ ಮೇಲಕ್ಕೆ ಬರಲಿಲ್ಲ. ಹಲ್ಲು ಕಚ್ಚಿದೆ. ಬೆರಳಿನಲ್ಲಿ ಹಿಡಿತ ಸಡಿಲವಾಗುವುದು ಗೊತ್ತಾಯಿತು, ಆದರೆ ಬೆರಳಿಗೆ ಹೇಳಿ ಕಳಿಸಿದ ಮಾತು ಅಲ್ಲಿಗೆ ತಲುಪಲೇ ಇಲ್ಲ. ಶೀಟು ಜಾರಿ ನೆಲಕ್ಕೆ ಬಿತ್ತು.

"ನೀವು ಅಲ್ಲಾಡಿದ್ರಿ," ಎಂದೆ.

"ಹೂಂ, ಅಲ್ಲಾಡಿದೆ," ಎಂದರು. ಅಲ್ಲಾಡಿರಲಿಲ್ಲ.

ಇನ್ನೊಮ್ಮೆ ಹಿಡಿದೆವು. ಇನ್ನೊಮ್ಮೆ ಬಿತ್ತು. ಮೂರನೆಯ ಸಲ ಅತ್ತೆ ಬಂದು ಶೀಟನ್ನು ಕಸಿದುಕೊಂಡರು. "ಸಾಕು ಬಿಡೆ. ಶೀಟಿನ ಮೇಲೆ ಯಾಕೆ ಹಟ?"

ಹೊಸಬಳಿಗೆ ಮಡಿಚಲು ಚೆನ್ನಾಗಿಯೇ ಬರುತ್ತಿತ್ತು. ಈಗ ನೆನಪು ಮಾಡಿಕೊಂಡರೆ ಅವಳ ತುದಿ ಒಮ್ಮೆಯೂ ಬಿದ್ದಿರಲಿಲ್ಲ. ಎಲ್ಲರೆದುರು ಅವಳಿಗೆ "ಕೈಯಾ ಅದು, ಕಾಲಾ?" ಎಂದು ಬೈದಿದ್ದೆ.

ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ ಎಂದು ಇವತ್ತು ಗೊತ್ತಾಗುತ್ತಿಲ್ಲ. ಕಚೇರಿಯ ಮೇಲಂತೂ ಇದ್ದೇ ಇದೆ.

ಮಾರ್ಚ್ 23, ಭಾನುವಾರ

ಅವಳ ಮನೆಗೆ ಹೋದೆ. ಒಂದೇ ಕೋಣೆ, ನೀಟಾಗಿ ಮಡಿಚಿಟ್ಟ ಬಟ್ಟೆಗಳ ಸಾಲು, ಗೋಡೆಗೆ ಎತ್ತರದಲ್ಲಿ ಮೊಳೆ, ಬೇರೆ ಯಾರಿಗೂ ಎಟುಕದ ಹಾಗೆ. ನನ್ನನ್ನು ಕಂಡು ಅವಳಿಗೆ ಗಾಬರಿ. ಕುರ್ಚಿಯ ಮೇಲಿದ್ದ ಬಿಸಿನೀರಿನ ಚೀಲವನ್ನು ಅವಸರದಲ್ಲಿ ಬಚ್ಚಿಟ್ಟಳು. ಭುಜಕ್ಕೆ ಇಟ್ಟುಕೊಂಡಿದ್ದಳು.

ಕ್ಷಮಿಸು ಎನ್ನಲು ಹೋಗಿದ್ದೆ. ಬಾಯಿಂದ ಬಂದದ್ದು, "ಯಾವ ಡಾಕ್ಟರ ಹತ್ರ ತೋರಿಸಿದೀಯ?"

"ಯಾರ ಹತ್ರಾನೂ ಇಲ್ಲ."

"ನಿಂಗೆ ಬುದ್ಧಿ ಇದೆಯಾ? ನಾಳೆ ನಿನ್ನ ಹತ್ರಾನೂ ದಾಖಲೆ ಕೇಳ್ತಾರೆ. ನಾಳೆನೇ ಹೋಗು. ಚೀಟಿ ಇಟ್ಕೋ. ಎಲ್ಲಾ ಚೀಟಿ ಇಟ್ಕೋ."

ಅವಳು ನಕ್ಕಳು. ಹದಿನಾರು ವರ್ಷದಲ್ಲಿ ಅವಳು ನಕ್ಕದ್ದನ್ನು ಬೆರಳೆಣಿಕೆಯಷ್ಟು ಸಲ ನೋಡಿರಬಹುದು.

ಮೇಲ್ಮನವಿ ಕೇಳುವ ಮಂಡಳಿಯ ಮುಂದೆ ಬಂದು ಹೇಳುತ್ತಾಳಂತೆ. ಮೇಲ್ವಿಚಾರಕರ ಹತ್ತಿರ ರಜೆ ಕೇಳುವಾಗ ಕಾರಣವನ್ನೂ ಹೇಳಿಬಿಟ್ಟಿದ್ದಾಳೆ, ಈ ಹೆಂಗಸಿಗೆ ಸುಳ್ಳು ಹೇಳಲೂ ಬರುವುದಿಲ್ಲ. ಅವರು ಹೌಹಾರಿದರಂತೆ. ಒಬ್ಬಳ ಕೆಲಸಕ್ಕೆ ಎರಡು ವರ್ಷ ಇಬ್ಬರ ಸಂಬಳ ಹೋಗಿದೆ ಎಂದು ಮೇಲಿನವರಿಗೆ ತಿಳಿದರೆ ತಮ್ಮ ತಲೆಗೇ ಬರುತ್ತದೆ, ನೀವು ಹೋಗಿ ಹಾಗೆ ಹೇಳಿದರೆ ರೋಲರ್ ಬಿಟ್ಟು ಒದ್ದೆ ಹಾಲಿಗೆ ಹೋಗಬೇಕಾಗುತ್ತದೆ, ಎಂದರಂತೆ. ಒದ್ದೆ ಹಾಲು ಎಂದರೆ ಒಗೆಯುವ ಯಂತ್ರಗಳಿರುವ ದೊಡ್ಡ ಕೋಣೆ, ಯಂತ್ರದಿಂದ ನೀರು ತುಂಬಿದ ಬಟ್ಟೆಯ ಗಂಟುಗಳನ್ನು ಎಳೆದು ಗಾಡಿಗೆ ಹಾಕುವ ಕೆಲಸ. ಒಳ್ಳೆಯ ಭುಜದವರೇ ಅಲ್ಲಿ ಅಳುತ್ತಾರೆ.

"ನೀನು ಬರಬೇಡ," ಎಂದೆ. "ಆ ಕಿಟಕಿಯಿಲ್ಲದ ಕೋಣೇಲೇ ಇರ್ತೀನಿ. ಓರಗಿತ್ತಿ ಮೇಲೆ ರೇಗಾಡಿಕೊಂಡು ಕಾಲ ಕಳೀತೀನಿ."

"ಬರ್ತೀನಿ," ಎಂದಳು. ಕಂಬದ ಹತ್ತಿರ ಜಗಳವಾಡಿ ಗೆದ್ದವರುಂಟೇ.

ಏಪ್ರಿಲ್ 6, ಭಾನುವಾರ

ಮಂಡಳಿಯ ಮುಂದೆ ಬರೀ ಮಾತು ಸಾಲದು, ಮಡಿಚಿ ತೋರಿಸಬೇಕು ಎಂದು ಇವರು ಹೇಳಿದರು. ಸರಿಯೇ. ಅವಳು ಸಹಾಯ ಮಾಡಿದರೆ ಹೇಗೆ, ಮಾಡದಿದ್ದರೆ ಹೇಗೆ, ಎರಡನ್ನೂ ಕಾಣಿಸಬೇಕು. ಇವತ್ತು ಮನೆಯಲ್ಲಿ ಅಭ್ಯಾಸ.

ಅಭ್ಯಾಸ ಮಾಡಬೇಕಾದದ್ದು ನಾನಲ್ಲ, ಅವಳು. ಸಹಾಯ ಮಾಡದೆ ಇರುವುದು ಅವಳಿಗೆ ಬರುವುದೇ ಇಲ್ಲ! ಕೊಡವಬೇಡ ಎಂದರೆ ತಲೆಯಾಡಿಸುತ್ತಾಳೆ, ಕೊಡವುತ್ತಾಳೆ. ಅರ್ಧ ದೂರಕ್ಕೆ ನಿಲ್ಲು ಎಂದರೆ ಪೂರ್ತಿ ನಡೆದು ಬಂದು ಮೂಲೆ ನನ್ನ ಕೈಗೇ ಇಡುತ್ತಾಳೆ.

"ನಿನ್ನ ಪಾಲಿಂದು ಮಾತ್ರ ಮಾಡು ಅಂದ್ರೆ!"

"ಅದೇ ಮಾಡ್ತಿರೋದು."

"ಎಲ್ಲಿ? ಎಳೀತಾ ಇದೀಯ!"

"ಕೈ ಕೇಳಲ್ವಲ್ಲೇ, ಏನ್ ಮಾಡ್ಲಿ."

ಅತ್ತೆ ಮಂಚದ ಮೇಲೆ ಕೂತು ನಕ್ಕೂ ನಕ್ಕೂ ಕೆಮ್ಮು ಬರಿಸಿಕೊಂಡರು. "ಒಬ್ಬಳ ಕೈ ಏಳಲ್ಲ, ಇನ್ನೊಬ್ಬಳ ಕೈ ನಿಲ್ಲಲ್ಲ. ಒಳ್ಳೆ ಜೋಡಿ!" ನನಗೂ ನಗು ಬಂತು, ನಕ್ಕರೆ ಭುಜ ನೋಯುತ್ತದೆ, ನೋವಾದರೆ ಸಿಟ್ಟು ಬರುತ್ತದೆ, ಸಿಟ್ಟಿಗೆ ಮತ್ತೆ ನಗು ಬಂತು.

ಕಡೆಗೊಮ್ಮೆ ಅವಳು ಕಣ್ಣು ಮುಚ್ಚಿಕೊಂಡು ನಿಂತಳು. ಆಗ ಆಯಿತು. ಶೀಟು ಬಿತ್ತು. ಅವಳು ಕಣ್ಣು ಬಿಟ್ಟು ನೆಲ ನೋಡಿ, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಏಪ್ರಿಲ್ 20, ಭಾನುವಾರ

ಗುರುವಾರ ಮಂಡಳಿ ಇತ್ತು. ಇವತ್ತಿನವರೆಗೂ ಪೆನ್ನು ಹಿಡಿಯಲಾಗಲಿಲ್ಲ. ಈಗಲೂ ನಿಲ್ಲಿಸಿ ನಿಲ್ಲಿಸಿ ಬರೆಯುತ್ತಿದ್ದೇನೆ.

ಮೂವರಿದ್ದರು. ನಡುವೆ ಬಿಳಿಕೂದಲಿನ ಡಾಕ್ಟರಮ್ಮ, ಒಂದು ಪಕ್ಕದಲ್ಲಿ ಅದೇ ಎಳೆಯ ಡಾಕ್ಟರು, ಇನ್ನೊಂದು ಪಕ್ಕದಲ್ಲಿ ಬರೆದುಕೊಳ್ಳುವವರು. ಇವರನ್ನು ಹೊರಗೆ ಕೂರಿಸಿದರು. ಲೈಟುಕಂಬ, ಇನ್ನು ಅವಳನ್ನು ಅಕ್ಕ ಎಂದೇ ಬರೆಯುತ್ತೇನೆ, ನನ್ನ ಜೊತೆ ಒಳಗೆ ಬಂದಳು. ಅವಳು ಕುರ್ಚಿಯಲ್ಲಿ ಕೂತು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಾಗ ನೋಡಿದೆ. ಬೆರಳ ತುದಿಗಳು ನೀರಿನಲ್ಲಿ ನೆಂದು ಬಿಳಿಚಿ ಸುಕ್ಕಾಗಿದ್ದವು. ಒದ್ದೆ ಹಾಲಿಗೆ ಆಗಲೇ ಹಾಕಿಬಿಟ್ಟಿದ್ದಾರೆ. ಬಸ್ಸಿನಲ್ಲಿ ಅಷ್ಟು ದೂರ ಬಂದೆವು, ಅವಳು ಬಾಯಿ ಬಿಟ್ಟಿರಲಿಲ್ಲ.

ಎಳೆಯ ಡಾಕ್ಟರು ಮರ್ಯಾದೆಯಿಂದಲೇ ಮಾತಾಡಿದರು. "ನೀವು ಅವತ್ತು ನನ್ನೆದುರಿಗೇ ತೋಳು ಎತ್ತಿ ಶೀಟು ಮಡಿಚಿದ್ರಲ್ಲಮ್ಮ."

"ಮಡಿಚಿದೆ. ಈಗಲೂ ಮಡಿಚ್ತೀನಿ. ಶೀಟು ಕೊಡಿ," ಎಂದೆ.

ತಪಾಸಣೆಯ ಮಂಚದ ಕಪಾಟಿನಿಂದ ಒಂದನ್ನು ತೆಗೆದುಕೊಟ್ಟರು. ನೀಲಿ ದಾರದ ಮೂಲೆ. ನಾವಿಬ್ಬರೂ ಎದುರುಬದುರು ನಿಂತೆವು. ಅಕ್ಕ ಕೊಡವಿದಳು, ಎಳೆದಳು, ನಡೆದು ಬಂದಳು. ನಾಲ್ಕು ಮಡಿಕೆ, ಒಂದು ಸುಕ್ಕಿಲ್ಲ. ಎಷ್ಟು ತಿಂಗಳಾದ ಮೇಲೆ! ಆ ಕ್ಷಣ ನನಗೆ ಮರೆತೇಹೋಯಿತು, ಎಲ್ಲಿದ್ದೇನೆ, ಯಾಕೆ ಬಂದಿದ್ದೇನೆ ಎಂದು. ಖುಷಿಯಾಗಿಬಿಟ್ಟಿತು. ಎಳೆಯ ಡಾಕ್ಟರು ಡಾಕ್ಟರಮ್ಮನ ಕಡೆ ನೋಡಿ, ಇನ್ನೇನು ಹೇಳುವುದು ಬೇಡ ಎನ್ನುವ ಹಾಗೆ ಪೆನ್ನಿನ ಮುಚ್ಚಳ ತೆಗೆದರು.

"ಇದನ್ನ ಮಡಿಚಿದ್ದು ನಾನೊಬ್ಬಳೇ," ಎಂದಳು ಅಕ್ಕ. ಅವಳ ದನಿ ಆ ಕೋಣೆಗೆ ಸಣ್ಣದಾಯಿತು, ಮತ್ತೆ ಜೋರಾಗಿ ಹೇಳಿದಳು. "ಎರಡು ವರ್ಷ ಹೀಗೇ ಮಡಿಚಿದೀನಿ. ಅದಕ್ಕೇ ಇವಳ ಹತ್ರ ನಿಮಗೆ ತೋರಿಸೋಕೆ ಏನೂ ಇಲ್ಲ. ಈಗ ನನ್ನ ಪಾಲು ಮಾತ್ರ ಮಾಡ್ತೀನಿ. ನನ್ನನ್ನ ನೋಡಬೇಡಿ, ಇವಳನ್ನ ನೋಡಿ."

ಶೀಟು ಬಿಡಿಸಿ ಮತ್ತೆ ನಿಂತೆವು. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ. ನನ್ನನ್ನೇ ನೋಡುತ್ತ, ತನ್ನ ಎರಡು ಮೂಲೆ ಹಿಡಿದು, ಅಲ್ಲಾಡದೆ ನಿಂತಳು. ಅವಳ ದವಡೆ ಬಿಗಿಯಾಗಿತ್ತು. ನಾನು ಎತ್ತಿದೆ. ಸುಳ್ಳು ಹೇಳುವುದಿಲ್ಲ, ಬೀಳಿಸಬೇಕೆಂದು ಎತ್ತಲಿಲ್ಲ. ಇಷ್ಟೆಲ್ಲ ಆದ ಮೇಲೂ ಬೀಳಬಾರದು ಎಂದೇ ಎತ್ತಿದೆ. ಎದೆಯವರೆಗೆ ಬಂತು. ಅಲ್ಲಿ ನಿಂತಿತು. ತೋಳು ನಡುಗತೊಡಗಿತು, ಕುತ್ತಿಗೆಯಿಂದ ಬೆಂಕಿ ಇಳಿಯಿತು. ಒಂದು ಬೆರಳು ಬಿಟ್ಟಿತು, ಇನ್ನೊಂದು ಬಿಟ್ಟಿತು. ಶೀಟು ಜಾರಿ, ಆ ಮೂವರ ಮೇಜಿನ ಮುಂದೆ, ನೆಲದ ಮೇಲೆ ಬಿತ್ತು.

ಡಾಕ್ಟರಮ್ಮ ಎದ್ದು ಬಂದು ನನ್ನ ತೋಳಿನ ಮೇಲೆ ಕೈ ಇಟ್ಟರು. ಅದು ಇನ್ನೂ ನಡುಗುತ್ತಿತ್ತು, ನಿಲ್ಲುವವರೆಗೂ ಕೈ ತೆಗೆಯಲಿಲ್ಲ. ನಿಲ್ಲಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಬರೆದುಕೊಳ್ಳುವವರಿಗೆ "ಮಂಜೂರು ಅಂತ ಬರೀರಿ" ಎಂದರು. ಒಂದು ವರ್ಷಕ್ಕಂತೆ. ಮುಂದಿನ ವರ್ಷ ಮತ್ತೆ ಬಂದು ತೋರಿಸಬೇಕಂತೆ.

ಥ್ಯಾಂಕ್ಸ್ ಹೇಳಬೇಕು ಎಂದು ಗೊತ್ತಿತ್ತು. ಬಾಯಿ ತೆರೆದೆ, ಬಂದದ್ದು ಬೇರೆ. "ಇದನ್ನ ಬೀಳಿಸಿ ತೋರಿಸೋವರೆಗೂ ನನ್ನ ಮಾತು ಮಾತಲ್ಲ ಅಲ್ವಾ ಮೇಡಂ?" ಎಂದೆ. ಎಳೆಯ ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು.

ಹೊರಡುವಾಗ ಅಕ್ಕ ಶೀಟೆತ್ತಲು ಬಗ್ಗಿದಳು. ಅಷ್ಟು ಉದ್ದದ ಮೈ ಅರ್ಧಕ್ಕೆ ಬಾಗಿ, ಬಿಳಿಚಿದ ಬೆರಳುಗಳು ಇನ್ನೇನು ನೀಲಿ ದಾರವನ್ನು ಮುಟ್ಟಬೇಕು.

"ಬಿಡಕ್ಕ," ಎಂದೆ. "ಬಿದ್ದಿರಲಿ."

ಅವಳು ನನ್ನ ಮುಖ ನೋಡಿದಳು. ನೆಟ್ಟಗಾದಳು. ಇಬ್ಬರೂ ಶೀಟನ್ನು ದಾಟಿಕೊಂಡು ಹೊರಗೆ ಬಂದೆವು.